ಮುಂಬಯಿಯಿಂದ ತಂದ ಹಿಡಿ ಮಣ್ಣು

ನಮ್ಮ ಬನಹಟ್ಟಿಯ ಮನೆಯಲ್ಲಿ ಮುಂಬಯಿಯ ಮಾತು ಮೊದಲು ಬಂದದ್ದು ನೂಲು ಸಿಗದಂತಾದ ಮೇಲೆ. ದೊಡ್ಡ ಯುದ್ಧ ನಡೆದಿತ್ತು. ಸಾವುಕಾರರ ಅಂಗಡಿಗೆ ನೂಲು ಬರುವುದು ತಡವಾಗುತ್ತ ಬಂದು, ಕೊನೆಗೆ ನಿಂತೇ ಹೋಯಿತು. ಮನೆಯ ಎರಡು ಮಗ್ಗಗಳಲ್ಲಿ ಒಂದರ, ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿಗೆ ಅತ್ತೆ ಹಲಗೆ ಮುಚ್ಚಿ, ಅದರ ಮೇಲೆ ಜೋಳದ ಚೀಲ ಇಟ್ಟುಬಿಟ್ಟಳು. ಅದನ್ನು ನೋಡಿದ ದಿನವೇ ನನ್ನ ಗಂಡ, "ನಾ ಮುಂಬೈಗೆ ಹೊಕ್ಕೇನಿ" ಅಂದ.

ಅವನು ನನ್ನ ಸೋದರತ್ತೆಯ ಮಗ. ಒಂದೇ ಓಣಿಯಲ್ಲಿ ಜಗಳಾಡಿ ಬೆಳೆದವರು ನಾವು. ನಾನು ಅವನನ್ನು ಮಾವ ಎಂದು ಕರೆಯುತ್ತಿದ್ದೆ, ಮದುವೆಯಾದ ಮೇಲೂ ಹಾಗೇ. ಈಗ ಬರೆಯುವಾಗಲೂ 'ಅವರು' ಎನ್ನಲು ಕೈ ಹೋಗುವುದಿಲ್ಲ. ಅವನ ತಂದೆ ತೀರಿ ಬಹಳ ವರ್ಷಗಳಾಗಿದ್ದವು. ಅತ್ತೆಗೆ ಅವನೊಬ್ಬನೇ ಮಗ.

"ಮುಂಬೈ ಅಂದ್ರ ಖಾಲ್ಸಾ ಮುಲಕ್" ಅಂದಳು ಅತ್ತೆ. ನಾವು ಸಂಸ್ಥಾನದ ಪ್ರಜೆಗಳು. ಇಂಗ್ಲಿಷರು ನೇರವಾಗಿ ಆಳುವ ನಾಡನ್ನು ನಮ್ಮ ಕಡೆ ಖಾಲ್ಸಾ ಅನ್ನುತ್ತಿದ್ದರು. ಅದು ಬೇರೆ ದೇಶವೇ ಇದ್ದಂತೆ. "ಅಲ್ಲಿ ನಿನಗೇನಾರ ಆದ್ರ ಕೇಳವರು ಯಾರಪಾ?"

"ನಮ್ಮ ಸೀಮಿ ಹತ್ತಿ ಎಲ್ಲಾ ಅಲ್ಲಿಗೇ ಹೊಕ್ಕೈತಿ ಯವ್ವಾ. ಅದರ ಬೆನ್ನ ಹತ್ತಿ ಹೋದ್ರ ಕೆಲಸಾನೂ ಸಿಗತೈತಿ."

ಅವನು ಮೊದಲು ಒಬ್ಬನೇ ಹೋದ. ಮುಂದಿನ ವರ್ಷ ಬಂದಾಗ ಕೆನ್ನೆ ಒಳಕ್ಕೆ ಹೋಗಿದ್ದವು. ಅತ್ತೆ ಅವನ ಮುಖ ನೋಡಿದವಳೇ ನನ್ನ ಕಡೆ ತಿರುಗಿ, "ನೀನೂ ಹೋಗು. ಇವನಿಗೆ ರೊಟ್ಟಿ ಹಾಕವರು ಯಾರೂ ಇಲ್ಲ ಅಲ್ಲೆ. ನನ್ನ ಕಡಿ ನೋಡಾಕ ಬಾಜೂ ಓಣ್ಯಾಗ ನಮ್ಮಣ್ಣ ಅದಾನ" ಅಂದಳು. ಅಣ್ಣ ಅಂದರೆ ನನ್ನ ಅಪ್ಪ. ಹೀಗೆ ನನ್ನನ್ನು ಮುಂಬಯಿಗೆ ಕಳಿಸಿದ್ದು ಅತ್ತೆಯೇ.

ಗಾಡಿಯಲ್ಲಿ ಕೃಷ್ಣಾ ದಂಡೆಗೆ ಹೋಗಿ, ದೋಣಿಯಲ್ಲಿ ಹೊಳೆ ದಾಟಿ, ಕುಡಚಿಯಲ್ಲಿ ರೈಲು ಹತ್ತಿದೆವು. ಪುಣೆಯಲ್ಲಿ ಇಳಿದು ದೊಡ್ಡ ಗಾಡಿಗೆ ಬದಲಾಯಿಸಿದೆವು. ಘಟ್ಟದ ಸುರಂಗದಲ್ಲಿ ಕತ್ತಲಾದಾಗ ನಾನು ಹೆದರಿ ಅವನ ತೋಳು ಹಿಡಿದೆ. ಬೆಳಕು ಬಂದಾಗ ಎದುರಿನ ಮುದುಕಿ ನೋಡಿ ನಕ್ಕಳು. ಬೋರಿಬಂದರಿನಲ್ಲಿ ಇಳಿದು ಆ ನಿಲ್ದಾಣದ ಕಮಾನುಗಳನ್ನು ನೋಡಿ, ಇದು ಯಾವ ದೇವರ ಗುಡಿಯೆಂದು ಕೇಳಿದೆ. "ಇದು ಗುಡಿ ಅಲ್ಲ, ಟೇಸನ್" ಅಂದ. ಮುಂದೆ ಬಹಳ ದಿನ ಆ ಮಾತನ್ನು ಹೇಳಿ ಹೇಳಿ ನನ್ನನ್ನು ಕಾಡಿಸಿದ.

ನಮ್ಮ ಖೋಲಿ ಇದ್ದದ್ದು ಭಾಯಖಳಾದ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ. ಉದ್ದನೆಯ ಗ್ಯಾಲರಿ, ಒಂದರ ಪಕ್ಕ ಒಂದು ಬಾಗಿಲು, ಕೊನೆಯಲ್ಲಿ ಎಲ್ಲರಿಗೂ ಸೇರಿ ನಳ. ಪಕ್ಕದ ಖೋಲಿಯಲ್ಲಿ ರತ್ನಾಗಿರಿ ಕಡೆಯ ಗಂಡ ಹೆಂಡತಿ ಇದ್ದರು. ಆಕೆಯನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಸಂಸ್ಥಾನದ ಸಾಲಿಯಲ್ಲಿ ಕಲಿತ ಮರಾಠಿ ಅಲ್ಲಿ ನನಗೆ ಬಳಕೆಗೆ ಬಂತು. ಆಕೆ ಮೀನು ಬೇಯಿಸುವ ದಿನ ನಾನು ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಆಕೆ ಬೇಸರಪಡದೆ, ಮುಗಿದ ಮೇಲೆ ತಾನೇ ಬಂದು ಬಾಗಿಲು ಬಡಿದು, "ತೆಗಿ ಮಗಳೇ, ವಾಸನೆ ಹೋಯಿತು" ಎಂದು ಹೇಳಿ ಹೋಗುತ್ತಿದ್ದಳು.

ಗಂಡ ಬಯಸಿದ್ದು ಗಿರಣಿಯಲ್ಲಿ ನೇಯುವ ಕೆಲಸ. ಸಿಕ್ಕಿದ್ದು ಬಂದರಿನಲ್ಲಿ ಹತ್ತಿಯ ಅಂಡಿಗೆ ಹೊರುವುದು. ಹತ್ತಾರು ಜನರ ಒಂದು ಟೋಳಿ, ಅದಕ್ಕೊಬ್ಬ ಮುಕಾದಮ. ಮುಕಾದಮ ಬೆಳಿಗ್ಗೆ ಯಾರನ್ನು ಕರೆದನೋ ಅವರಿಗೆ ಅಂದಿನ ಕೆಲಸ. ಟೋಳಿಯಲ್ಲಿ ಬೀಳಗಿ ಕಡೆಯವನೊಬ್ಬ ಇದ್ದ, ನನ್ನ ಗಂಡನ ವಾರಿಗೆಯವನೇ. ಕನ್ನಡ ಮಾತಾಡುವ ಆಸೆಗೆ ಇಬ್ಬರೂ ಸದಾ ಜೊತೆಗಿರುತ್ತಿದ್ದರು. ಸಂಜೆ ಮನೆಗೆ ಬರುವಾಗ ಗಂಡನ ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿರುತ್ತಿದ್ದವು. ನಾನು ಕೂರಿಸಿಕೊಂಡು ಒಂದೊಂದೇ ಆರಿಸುತ್ತಿದ್ದೆ.

ರಜೆಯ ದಿನ ಟ್ರಾಮಿನಲ್ಲಿ ಕೋಟೆ ಎನ್ನುವ ಇಂಗ್ಲಿಷರ ಪೇಟೆಯ ಕಡೆ ಕರೆದೊಯ್ಯುತ್ತಿದ್ದ. ಮೊದಲ ಸಲ ನಾನು ಹಿಂದು ಮುಂದಾಗಿ ಇಳಿದು ರಸ್ತೆಯಲ್ಲಿ ಬಿದ್ದೆ. ಅವನು ಎತ್ತುವುದನ್ನು ಬಿಟ್ಟು ಹೊಟ್ಟೆ ಹಿಡಿದು ನಕ್ಕ. ಕೂತಲ್ಲೇ ನನಗೂ ನಗು ಬಂತು. ಬ್ಯಾಂಕುಗಳು, ಕಚೇರಿಗಳು, ಕಲ್ಲಿನ ಮೂರ್ತಿಗಳು, ಕುದುರೆಯ ಮೇಲೆ ಕೂತ ಬಿಳಿಯರು. ಸಮುದ್ರದ ದಂಡೆಯ ದೊಡ್ಡ ಕಮಾನಿನ ಕೆಳಗೆ ಗೋರಾ ಸೋಜರರು ಕಡಲೆ ತಿನ್ನುತ್ತ ಅಡ್ಡಾಡುತ್ತಿದ್ದರು.

"ಇಷ್ಟೆಲ್ಲ ಕಟ್ಟಾಕ ಇವರಿಗೆ ರೊಕ್ಕ ಎಲ್ಲಿಂದ ಬಂತು?" ಎಂದು ಕೇಳಿದೆ.

"ಹತ್ತಿಯಿಂದ" ಅಂದ. "ನಮ್ಮ ಹೊಲದ ಹತ್ತಿ ಇಲ್ಲಿಂದ ಇಲಾಯ್ತಿಗೆ ಹೋಗಿ ಅರಿಬಿ ಆಗಿ ತಿರುಗಿ ಇಲ್ಲಿಗೇ ಬರ್ತಿತ್ತಂತ. ಹೋಗುವಾಗೂ ಇವರಿಗೆ ಲಾಭ, ಬರುವಾಗೂ ಇವರಿಗೇ. ಹೊತ್ತವರು ಮಾತ್ರ ನಮ್ಮಂತಾವರು." ಹೀಗೆ ಹೇಳಿದನಾದರೂ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಊರು ಅವನಿಗೆ ಸೇರಿತ್ತು. ನನಗೂ ಸೇರಿತ್ತು. ಅತ್ತೆಯ ಕಣ್ಣಿಲ್ಲದೆ, ಓಣಿಯ ಕಿವಿಯಿಲ್ಲದೆ ನಾವಿಬ್ಬರೂ ಗಂಡ ಹೆಂಡತಿಯಾಗಿ ಇದ್ದದ್ದು ಅಲ್ಲಿ ಮಾತ್ರ.

ಅದು ಯುಗಾದಿ ಮುಗಿದ ಮೇಲಿನ ಬೇಸಿಗೆ. ಮಧ್ಯಾಹ್ನ ಇಳಿಯುವ ಹೊತ್ತು. ನಾನು, ಮಾವಶಿ ಗ್ಯಾಲರಿಯಲ್ಲಿ ಕೂತು ರೇಶನ್ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದೆವು. ಒಮ್ಮೆಲೇ ನೆಲ ಮೇಲೆದ್ದಂತಾಯಿತು. ಆಮೇಲೆ ಸಪ್ಪಳ. ಚಾಳಿನ ಗಾಜುಗಳೆಲ್ಲ ಒಡೆದು ಸುರಿದವು. ಮೊರದ ಅಕ್ಕಿ ಹಾರಿ ಅಂಗಳಕ್ಕೆ ಬಿತ್ತು. "ಜಪಾನಿನವರು ಬಂದರು!" ಎಂದು ಯಾರೋ ಕೂಗಿದರು. ಎಲ್ಲರೂ ಮೆಟ್ಟಿಲಿಗೆ ಓಡಿದೆವು. ಕೆಳಗೆ ನಿಂತು ಒಬ್ಬರ ಮುಖ ಒಬ್ಬರು ನೋಡುವಾಗ, ಸ್ವಲ್ಪ ಹೊತ್ತಿನ ಮೇಲೆ, ಅದಕ್ಕಿಂತ ದೊಡ್ಡದಾದ ಇನ್ನೊಂದು ಸಪ್ಪಳ ಬಂತು. ಪೂರ್ವಕ್ಕೆ, ಬಂದರಿನ ಕಡೆ, ಹೊಗೆ ಗುಡ್ಡದಂತೆ ಎದ್ದು ನಿಂತಿತು.

ಆಮೇಲೆ ಆಕಾಶದಿಂದ ಬೆಂಕಿ ಬೀಳತೊಡಗಿತು. ಎದುರಿನ ತಗಡಿನ ಮಾಡಿನ ಮೇಲೆ ಒಂದು ಬಿದ್ದು ಉರುಳಿ ನಮ್ಮ ಅಂಗಳಕ್ಕೆ ಬಂತು. ಜನ ದೂರ ಸರಿದರು. ನಾನು ಸರಿಯಲಿಲ್ಲ. ಅದು ಹತ್ತಿ. ಉರಿಯುವ ಹತ್ತಿಯ ಅಂಡಿಗೆಯ ತುಂಡು. ಬೇರೆಯವರಿಗೆ ಏನೂ ಗೊತ್ತಿಲ್ಲದಿದ್ದಾಗ ನನಗೆ ಅಷ್ಟು ಗೊತ್ತಾಯಿತು.

ಬಂದರಿನ ಕಡೆ ಓಡಿದೆ. ಎದುರಿನಿಂದ ಜನ ಬರುತ್ತಿದ್ದರು. ಮೈಮೇಲೆ ಬಟ್ಟೆಯಿಲ್ಲದವರು, ಕಿವಿಯಿಂದ ರಕ್ತ ಇಳಿಯುತ್ತಿದ್ದವರು. ಒಂದು ಹೆಂಗಸು ಬರೀ ಹೊದಿಕೆಯನ್ನು ಮಗುವಿನಂತೆ ಅಪ್ಪಿಕೊಂಡು ಹೋದಳು. ಮುಂದೆ ಸೋಜರರು ಹಗ್ಗ ಕಟ್ಟಿ ದಾರಿ ಮುಚ್ಚಿದ್ದರು. "ನನ್ನ ಗಂಡ ಅಲ್ಲೆ ಅದಾನ್ರೀ" ಎಂದು ಕನ್ನಡದಲ್ಲಿ ಕೂಗುತ್ತಿದ್ದೆನಂತೆ. ಹಿಂದಿನಿಂದ ಬಂದು ನನ್ನನ್ನು ಹಿಡಿದ ಮಾವಶಿ ಆಮೇಲೆ ಹೇಳಿದಳು.

ಬೆಂಕಿ ದಿನಗಟ್ಟಲೆ ಆರಲಿಲ್ಲ. ಮಾವಶಿ, ಆಕೆಯ ಗಂಡ ನನ್ನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದೊಯ್ದರು. ಗಾಯಗೊಂಡವರನ್ನು ನೋಡಿದೆವು. ಆಮೇಲೆ ಹೆಣಗಳನ್ನು ನೋಡಿದೆವು. ಅದನ್ನು ಬರೆಯುವುದಿಲ್ಲ. ಅವುಗಳಲ್ಲಿ ಅವನಿರಲಿಲ್ಲ, ಇದ್ದಿದ್ದರೂ ಗುರುತು ಹಿಡಿಯುವಂತಿರಲಿಲ್ಲ.

ಒಂದು ಆಸ್ಪತ್ರೆಯ ವರಾಂಡದಲ್ಲಿ, ನೆಲದ ಮೇಲೆ, ಬೀಳಗಿಯವನು ಸಿಕ್ಕ. ತಲೆಗೆ, ಎದೆಗೆ ಬಟ್ಟೆ ಸುತ್ತಿದ್ದರು. ನಾನು ಹತ್ತಿರ ಕೂತು ಮೆಲ್ಲಗೆ ಕೇಳಿದೆ. ಅವನು ತನ್ನ ಕಿವಿ ಮುಟ್ಟಿ ತೋರಿಸಿ ಕೈ ಅಲ್ಲಾಡಿಸಿದ. ಏನೂ ಕೇಳುತ್ತಿರಲಿಲ್ಲ ಅವನಿಗೆ. ನಾನು ಬಾಯಿ ಅವನ ಕಿವಿಗಿಟ್ಟು ಚೀರಬೇಕಾಯಿತು.

"ಯಣ್ಣಾ, ನಮ್ಮಾವ ಎಲ್ಲದಾನ?"

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನಿಗೆ ನನ್ನ ತುಟಿಯಿಂದ ಅರ್ಥವಾಯಿತೋ ಏನೋ, ಅಳುವುದಕ್ಕೆ ಶುರುಮಾಡಿದ. ತನ್ನ ದನಿ ತನಗೇ ಕೇಳದ್ದರಿಂದ ಅವನೂ ಜೋರಾಗಿ ಹೇಳಿದ. "ಹಡಗಿನ್ಯಾಗ ಹೊಗಿ ಬಂತ ತಂಗಿ. ಇಳೀರಿ ಅಂದ್ರು, ಇಳದ್ವಿ. ನೀರ ಹೊಡ್ಯಾಕತ್ತಿದ್ರು. ನಾವೆಲ್ಲ ಧಕ್ಕಿ ಮ್ಯಾಲ ನಿಂತ ನೋಡಾಕತ್ತಿದ್ವಿ. ನನಗ ನೀರಡಿಕಿ ಆತು, ಗೋಡೌನ್ ಹಿಂದ ನೀರ ಕುಡ್ಯಾಕ ಹೋದೆ. ಅವನಿಗೆ ಬಾ ಅಂದೆ. ನೀ ಹೋಗಿ ಬಾ, ನಾ ನೋಡ್ತೇನಿ ಅಂದ. ಅದರ ಹೊಟ್ಟ್ಯಾಗ ಮದ್ದುಗುಂಡು ಐತಿ ಅಂತ ನಮಗ್ಯಾರೂ ಹೇಳಿರಲಿಲ್ಲ ತಂಗಿ. ಹತ್ತಿ ಅಂದಿದ್ರು. ಹತ್ತಿ ಅಷ್ಟ ಅಂದಿದ್ರು."

ನನ್ನ ಗಂಡ ಯಾರನ್ನೂ ಉಳಿಸಲು ಹೋಗಿರಲಿಲ್ಲ. ಯಾವ ಸಾಹಸವನ್ನೂ ಮಾಡಿರಲಿಲ್ಲ. ನಿಂತು ನೋಡುತ್ತಿದ್ದ, ಅಷ್ಟೇ. ಸಪ್ಪಳವಾದ ಕಡೆ ಮೊದಲು ಹೋಗಿ ನಿಲ್ಲುವುದು ಅವನ ಹುಟ್ಟುಗುಣ; ಓಣಿಯಲ್ಲಿ ಗಾಡಿಯ ಗಾಲಿ ಮುರಿದರೂ ಊಟ ಬಿಟ್ಟು ಎದ್ದು ಹೋಗುತ್ತಿದ್ದ.

ಆ ಟೋಳಿಯ ಮುಕಾದಮನೂ ಉಳಿಯಲಿಲ್ಲ. ಅಂದು ಯಾರು ಕೆಲಸಕ್ಕೆ ಬಂದಿದ್ದರೆಂದು ಹೇಳುವವರೇ ಇರಲಿಲ್ಲ. ಒಂದು ಕಚೇರಿಯ ಕಿಟಕಿಯಲ್ಲಿ ಕೂತ ಗುಮಾಸ್ತ ನನ್ನ ಊರು ಕೇಳಿ, "ನೀವು ಸಂಸ್ಥಾನದವರು. ನಿಮ್ಮ ಸರಕಾರವನ್ನೇ ಕೇಳಿ" ಎಂದು ಮರಾಠಿಯಲ್ಲಿ ಹೇಳಿದ. ಮುಂದೆ ಅಪ್ಪ ಸಂಸ್ಥಾನದ ಕಚೇರಿಯಲ್ಲಿ ಕೇಳಿದಾಗ, ಆದದ್ದು ಖಾಲ್ಸಾದಲ್ಲಿ, ನಮ್ಮ ಕೈಯಲ್ಲಿ ಏನಿದೆ ಎಂದರು. ಅತ್ತೆ ಅಂದು ಕೇಳಿದ್ದ ಮಾತು ಖರೆಯಾಯಿತು. ಕೇಳುವವರು ಯಾರೂ ಇರಲಿಲ್ಲ.

ಅಪ್ಪ ಬಂದು ನನ್ನನ್ನು ಊರಿಗೆ ಕರೆತಂದ. ದಾರಿಯುದ್ದಕ್ಕೂ, ಅತ್ತೆಯ ಕೊರಳಿಗೆ ಬಿದ್ದು ಅಳಬೇಕು ಎಂಬ ಒಂದೇ ಯೋಚನೆ ನನಗೆ. ಮುಂಬಯಿಯಲ್ಲಿ ನಾನು ಅತ್ತಿರಲಿಲ್ಲ; ಹುಡುಕುವವರಿಗೆ ಅಳಲು ಪುರುಸೊತ್ತಿರುವುದಿಲ್ಲ. ಹೊಸ್ತಿಲು ದಾಟಿ, "ಅತ್ತೀ" ಎಂದು ಬಾಯಿ ತೆರೆದೆ. ಆಕೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಅಳಬ್ಯಾಡ. ಅವ ಬರ್ತಾನ. ಅತ್ತು ಅಪಶಕುನ ಮಾಡಬ್ಯಾಡ."

ಬೀಳಗಿಯವನು ಹೇಳಿದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಹೆಣ ನೋಡಿಯೇನು?"

"ಇಲ್ಲ."

"ಆ ಬೀಳಗಿಯಾವ ನೋಡ್ಯಾನೇನು?"

"ಇಲ್ಲ ಅತ್ತಿ."

"ಮತ್ತ? ಸುಮ್ನ ಮುಖ ತೊಳಕೊಂಡು ಕುಂಕುಮ ಹಚ್ಚಿಕೋ."

ಹಾಗೆ ಶುರುವಾಯಿತು ಆ ವರ್ಷ. ನಾನು ಕೈತುಂಬ ಹಸಿರು ಬಳೆ ಇಟ್ಟು, ಹಣೆಗೆ ಕುಂಕುಮ ಇಟ್ಟು, ಹಬ್ಬದ ದಿನ ಹೂ ಮುಡಿದು ಓಡಾಡಿದೆ. ಪಂಚಮಿಗೆ ಅತ್ತೆ ನನ್ನನ್ನು ಜೋಕಾಲಿಯಲ್ಲಿ ಕೂರಿಸಿದಳು. ಗೆಳತಿಯರು ಜೋಕಾಲಿ ತೂಗುತ್ತ ನನ್ನ ಮುಖ ನೋಡದೆ ಬೇರೆಲ್ಲೋ ನೋಡುತ್ತಿದ್ದರು. ಕಣ್ಣು ತುಂಬಿದರೆ ಒಲೆಯ ಮುಂದೆ ಹೋಗಿ ಹಸಿ ಕಟ್ಟಿಗೆ ಇಡುತ್ತಿದ್ದೆ. ಹೊಗೆಗೆ ಬಂದ ಕಣ್ಣೀರನ್ನು ಯಾರೂ ಬೇಡ ಅನ್ನುವಂತಿರಲಿಲ್ಲ. ಕುಡಚಿಯ ಕಡೆಯಿಂದ ಗಾಡಿ ಬಂದರೆ ಅತ್ತೆ ಬಾಗಿಲಿಗೆ ಹೋಗುತ್ತಿದ್ದಳು. ತೇರದಾಳದ ಸಂತೆಯಲ್ಲಿ ಯಾರೋ, ಮುಂಬಯಿಯಲ್ಲಿ ನೆನಪು ತಪ್ಪಿದ ಗಂಡಸರು ಬಹಳ ಇದ್ದಾರೆ ಎಂದರಂತೆ. ಆ ಒಂದು ಮಾತಿನ ಮೇಲೆ ಆಕೆ ತಿಂಗಳುಗಟ್ಟಲೆ ಬದುಕಿದಳು. ಅವನ ಪಾಲಿನ ರೊಟ್ಟಿ ಬಡಿಸಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಅದನ್ನು ನಾವಿಬ್ಬರೇ ತಿನ್ನುತ್ತಿದ್ದೆವು.

ನನಗೆ ಆಕೆಯ ಮೇಲೆ ಸಿಟ್ಟು ಬರುತ್ತಿತ್ತು. ಒಮ್ಮೊಮ್ಮೆ ಆಕೆಯದೇ ಖರೆಯೇನೋ ಎನಿಸಿ, ನಾನೂ ಗಾಡಿಯ ಸಪ್ಪಳಕ್ಕೆ ಎದ್ದು ನಿಲ್ಲುತ್ತಿದ್ದೆ. ಆಮೇಲೆ ಎರಡು ದಿನ ಯಾವ ಕೆಲಸವೂ ನನ್ನ ಕೈಗೆ ಹತ್ತುತ್ತಿರಲಿಲ್ಲ.

ವರ್ಷ ತುಂಬುತ್ತ ಬಂದಾಗ ಓಣಿಯ ಹಿರಿಯರು ಮನೆಗೆ ಬಂದರು. "ಆಗೂದು ಆಗಿ ಹೋಗೇತಿ ಬೇ. ಆ ಜೀವಕ್ಕ ಮುಕ್ತಿ ಬ್ಯಾಡೇನು? ಮಾಡೂ ಕಾರ್ಯ ಮಾಡೂಣು" ಎಂದರು. ಅತ್ತೆ ನನ್ನ ಮುಂದೆ ಅಡ್ಡ ನಿಂತಳು. "ನನ್ನ ಸೊಸಿ ಕೈಯಾನ ಬಳಿಗೆ ಯಾರಾರ ಕೈ ಹಾಕಿದ್ರ ನೋಡ್ರಿ ಮತ್ತ!" ಅವರು ಎದ್ದು ಹೋದರು. ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತಳು. "ನನ್ನ ಮುಂಬೈಗೆ ಕರಕೊಂಡ ಹೋಗು. ನಾನs ಹುಡುಕ್ತೇನಿ" ಅಂದಳು.

ಅಪ್ಪ ಬೇಡವೆಂದ. ನಾನು ಹೋಗೋಣ ಎಂದೆ. ಹಾಗೆ ಇಬ್ಬರು ಹೆಂಗಸರು ಕುಡಚಿಯಲ್ಲಿ ರೈಲು ಹತ್ತಿದೆವು. ಅತ್ತೆಯ ಗಂಟಿನಲ್ಲಿ ಮಗನಿಗೆ ತಾನೇ ನೇಯ್ದ ಧೋತರ, ಶೇಂಗಾದ ಹೋಳಿಗೆ ಇದ್ದವು.

ಮಾವಶಿ ನಮ್ಮನ್ನು ತನ್ನ ಖೋಲಿಯಲ್ಲೇ ಇಟ್ಟುಕೊಂಡಳು. ನಾವು ಇದ್ದಷ್ಟು ದಿನವೂ ಮೀನು ಮಾಡಲಿಲ್ಲ. ಅತ್ತೆಗೆ ಮರಾಠಿ ಬಾರದು, ಆಕೆಗೆ ಕನ್ನಡ ಬಾರದು. ಆದರೂ ಮೊದಲ ಸಂಜೆ ಆಕೆ ಅತ್ತೆಯ ಕಾಲಿಗೆ ಬಿಸಿನೀರು ಹಾಕಿ ತಿಕ್ಕಿದಳು.

ಮರುದಿನ ಹೊರಬಿದ್ದಾಗ ಅತ್ತೆ ರಸ್ತೆಯ ಪಕ್ಕ ಮಲಗಿದ ಒಬ್ಬೊಬ್ಬ ಗಂಡಸಿನ ಮುಖವನ್ನೂ ಬಗ್ಗಿ ನೋಡಿದಳು. ಕೆಲವರು ಬೈದರು. ಒಂದು ಕಡೆ ಮುಖದ ಮೇಲೆ ಬಟ್ಟೆ ಎಳೆದು ಮಲಗಿದವನ ಪಾದ ನೋಡಿ ನಿಂತಳು. ನನ್ನ ಗಂಡನಂತೆಯೇ ಅಗಲ ಪಾದ. ಮೆಲ್ಲಗೆ ಬಟ್ಟೆ ಸರಿಸಿದಳು. ಎಳೆಯ ಹುಡುಗ. ಅವನು ಎದ್ದು ಕೈ ಚಾಚಿದ. ಅತ್ತೆ ಗಂಟು ಬಿಚ್ಚಿ ಒಂದು ಹೋಳಿಗೆ ಕೊಟ್ಟಳು. ಆಮೇಲೆ ಇನ್ನೊಂದನ್ನೂ ಕೊಟ್ಟಳು.

ಬಂದರಿನ ಹತ್ತಿರ ಆಗಿನ್ನೂ ಪೂರ್ತಿ ಚೊಕ್ಕ ಮಾಡಿರಲಿಲ್ಲ. ಅರ್ಧ ಗೋಡೆಗಳು, ಸುಲಿದ ಹಗ್ಗದಂತೆ ತಿರುಚಿಕೊಂಡ ಕಬ್ಬಿಣದ ತೊಲೆಗಳು, ಕಪ್ಪಾದ ಕಲ್ಲಿನ ರಾಶಿ. ಒಳಗೆ ಬಿಡಲಿಲ್ಲ. ಗೋಡೆಯ ಪಕ್ಕದಲ್ಲೇ ನಡೆದು, ದೋಣಿಗಳು ನಿಲ್ಲುವ ಒಂದು ಕಡೆಯಿಂದ ನೀರಿನ ದಂಡೆಗೆ ಬಂದೆವು. ಅತ್ತೆ ಸಮುದ್ರ ನೋಡಿದ್ದು ಅದೇ ಮೊದಲು. ಕೃಷ್ಣೆಯ ಮಹಾಪೂರವನ್ನು ಕಂಡ ಆಕೆ ಬೇಸಿಗೆಯ ಮಬ್ಬಿನಲ್ಲಿ ಆಚೆ ದಂಡೆಯನ್ನು ಹುಡುಕುವಂತೆ ಕಣ್ಣು ಕಿರಿದು ಮಾಡಿದಳು.

"ಆ ಕಡಿ ದಂಡಿ ಎಲ್ಲೈತಿ?"

"ಇಲ್ಲ ಅತ್ತಿ. ಇದಕ್ಕ ಆ ಕಡಿ ಇಲ್ಲ."

ಆಕೆ ತಿರುಗಿ ಮುರಿದ ಗೋಡೆಗಳನ್ನು ನೋಡಿದಳು. ಮತ್ತೆ ನೀರನ್ನು ನೋಡಿದಳು. "ಕಬ್ಬಿಣ ಹಿಂಗಾಗೇತಿ" ಎಂದು ತನಗೆ ತಾನೇ ಅಂದುಕೊಂಡಳು. "ಕಬ್ಬಿಣನs ಹಿಂಗಾದ ಮ್ಯಾಲ..."

ನೀರಿನ ಕಡೆ ಮುಖ ಮಾಡಿ ಮಗನ ಹೆಸರು ಹಿಡಿದು ಕೂಗಿದಳು. ಹೊತ್ತು ಮುಳುಗುವಾಗ ಮಕ್ಕಳನ್ನು ಮನೆಗೆ ಕರೆಯುವ ಹಾಗೆ, ಕೊನೆಯ ಅಕ್ಷರ ಎಳೆದು. ದೋಣಿಯವರು ಕೆಲಸ ನಿಲ್ಲಿಸಿದರು. ಮೂರನೆಯ ಸಲ ಕೂಗುವಾಗ ದನಿ ಒಡೆಯಿತು. ಆಕೆ ಕಲ್ಲಿನ ಮೇಲೆ ಕುಸಿದು ಕೂತು ನನ್ನನ್ನು ಎಳೆದುಕೊಂಡಳು.

"ಅಳು ನನ್ನವ್ವಾ. ಅಳು. ಒಂದ ವರ್ಷ ನಿನ್ನ ಬಾಯಿ ಮುಚ್ಚಿಸಿದ್ನೆಲ್ಲ ನಾ."

ನಾವಿಬ್ಬರೂ ಅತ್ತದ್ದನ್ನು ಹೇಗೆ ಬರೆಯಲಿ. ಬಿಸಿಲು ಇಳಿಯುವವರೆಗೆ ಕೂತಿದ್ದೆವು. ಏಳುವಾಗ ಅತ್ತೆ ಗೋಡೆಯ ಬುಡದ ಕರಿ ಮಣ್ಣನ್ನು ಒಂದು ಹಿಡಿ ಎತ್ತಿ, ತಂದಿದ್ದ ಹೊಸ ಧೋತರದ ತುದಿಗೆ ಗಂಟು ಹಾಕಿಕೊಂಡಳು.

ಊರಿಗೆ ಬಂದು, ಹೆಣವನ್ನು ಹೂಳುವಂತೆಯೇ ಆ ಮಣ್ಣನ್ನು ಧೋತರದ ಸಮೇತ ಅವನ ತಂದೆಯ ಗೋರಿಯ ಪಕ್ಕದಲ್ಲಿ ಹೂಳಿದೆವು. ಮಠದ ಅಯ್ಯನವರು ವಿಭೂತಿ, ಪತ್ರಿ ಹಾಕಿದರು. ನನ್ನ ಬಳೆಗಳನ್ನು ಒಡೆಯಲು ಅತ್ತೆ ಯಾರಿಗೂ ಬಿಡಲಿಲ್ಲ. ಒಳಗೆ ಕರೆದೊಯ್ದು, ಕೈಗೆ ಎಣ್ಣೆ ಹಚ್ಚಿ, ಒಂದೊಂದನ್ನೇ ನೋಯದಂತೆ ತೆಗೆದಳು.

ಅದಾದ ಮೇಲೆ ಆಕೆಯೇ ನನಗೆ ಉಡಿಕಿ ಮಾಡಲು ಓಡಾಡಿದಳು. ನಮ್ಮಲ್ಲಿ ಗಂಡ ಸತ್ತವಳು ಎರಡನೆಯ ಸಲ ಮದುವೆಯಾಗುವ ಆ ಪದ್ಧತಿ ಇತ್ತು. ರಬಕವಿಯಿಂದ ಒಬ್ಬ ಒಳ್ಳೆಯ ಮನುಷ್ಯನೇ ಬಂದು ನೋಡಿ ಹೋದ. "ನನಗ ಬ್ಯಾಡ ಅತ್ತಿ" ಅಂದೆ. "ನಾ ಸತ್ತ ಮ್ಯಾಲ ನಿನಗ ಯಾರು?" ಎಂದು ಬೈದಳು, ಗದರಿದಳು, ಎರಡು ದಿನ ಮಾತು ಬಿಟ್ಟಳು. ನನಗೆ ವ್ರತವೇನೂ ಇರಲಿಲ್ಲ. ಇನ್ನೊಬ್ಬ ಗಂಡಸಿನ ಮುಖದಲ್ಲಿ ಅವನ ಹುಬ್ಬು ಹುಡುಕುತ್ತ ಬದುಕಲು ಮನಸ್ಸಾಗಲಿಲ್ಲ, ಅಷ್ಟೇ. ಯುದ್ಧ ಮುಗಿದು ಮೆಲ್ಲಗೆ ನೂಲು ಬರತೊಡಗಿತು. ಅತ್ತೆ ಜೋಳದ ಚೀಲ ಸರಿಸಿ ಕುಣಿ ತೆರೆದಳು. ಅವನ ಮಗ್ಗದಲ್ಲಿ ನಾನು ಕೂತೆ.

ಇಂಗ್ಲಿಷರು ಹೋದರು. ಮರುವರ್ಷ ನಮ್ಮ ಸಂಸ್ಥಾನವೂ ಹೋಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಓಣಿಯಲ್ಲಿ ಬಾಜಿ ಬಾರಿಸಿ ಸಕ್ಕರೆ ಹಂಚಿದರು. ನೆರೆಯವನೊಬ್ಬ ಬಾಗಿಲಿಗೆ ಬಂದು, "ಇನ್ನ ಮ್ಯಾಲ ನಾವೂ ಮುಂಬೈದವರು ಆದ್ವಿ ನೋಡ್ರಿ!" ಎಂದು ನಗುತ್ತ ಅತ್ತೆಯ ಅಂಗೈಗೆ ಸಕ್ಕರೆ ಹಾಕಿದ. ಅವನಿಗೆ ಬೇರೆ ಯೋಚನೆ ಇರಲಿಲ್ಲ, ಪಾಪ.

ಅತ್ತೆ ಸಕ್ಕರೆಯನ್ನು ನೋಡುತ್ತ ನಿಂತಳು. ಆತ ಹೋದ ಮೇಲೆ, "ನಾವು ಆ ಮಣ್ಣ ತಂದಾಗs ಆಗಿದ್ವೆಲ್ಲ" ಅಂದಳು. ಮೆಲ್ಲಗೆ ಒಳಗೆ ಬಂದು ಅಷ್ಟನ್ನೂ ನನ್ನ ಕೈಗೆ ಸುರಿದು, ಸಂಜೆಯ ರೊಟ್ಟಿಗೆ ಹಿಟ್ಟು ನಾದಲು ಕೂತಳು.